ತಿಂಗಳುಗಳ ಲೆಕ್ಕ ಯಾರ ಕೈಯಲ್ಲಿದೆ?

ಶಅಬಾನ್ 29ರ ಸಂಜೆ ಮಗ್ರಿಬ್ ನಮಾಝಿನ ಬಳಿಕ ನಾವು ಪಶ್ಚಿಮದ ಆಕಾಶವನ್ನು ದಿಟ್ಟಿಸುತ್ತೇವೆ. ಚಂದ್ರದರ್ಶನವಾಯಿತೇ ಎಂದು ಮಸೀದಿಗೂ ಖಾಝಿಯವರ ಮನೆಗೂ ಫೋನ್ ಮಾಡುತ್ತೇವೆ. ಒಂದೂರಿಗೆ ಒಂದು ದಿನ, ಪಕ್ಕದೂರಿಗೆ ಇನ್ನೊಂದು ದಿನ ಎಂಬ ವಿವಾದ ಎದ್ದು, ಅದರಲ್ಲೇ ಅರ್ಧ ರಾತ್ರಿ ಕಳೆದುಹೋಗುವುದೂ ಉಂಟು. ಆದರೆ ಆ ಚಂದ್ರನನ್ನು ನಮಗಿಂತ ತಿಂಗಳುಗಳ ಮೊದಲೇ ಕಂಡವರಿದ್ದಾರೆ. ಅವರಿಗೆ ಸಾಕ್ಷಿ ಹೇಳುವವರು ಬೇಕಿಲ್ಲ, ಮೋಡದ ಭಯವೂ ಇಲ್ಲ. ಅವರು ಕಂಪೆನಿಗಳ ಮಾರಾಟ ವಿಭಾಗಗಳಲ್ಲೂ ಜಾಹೀರಾತು ಸಂಸ್ಥೆಗಳಲ್ಲೂ ಕುಳಿತಿದ್ದಾರೆ.

ಈ ಕೆಲಸ ನಡೆಯುವ ಬಗೆಯನ್ನು ತುಸು ತಿಳಿದುಕೊಳ್ಳುವುದು ಒಳ್ಳೆಯದು. ವರ್ಷ ಹುಟ್ಟುವ ಮುನ್ನವೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಹನ್ನೆರಡು ತಿಂಗಳುಗಳು, ಪ್ರತಿ ತಿಂಗಳ ಕೆಳಗೆ ಆ ತಿಂಗಳ ಹಬ್ಬಗಳು, ರಜೆಗಳು, ದಿನಾಚರಣೆಗಳು. ಯಾವ ದಿನಕ್ಕೆ ಯಾವ ಸರಕು, ಎಷ್ಟು ರಿಯಾಯಿತಿ, ಯಾವ ಪತ್ರಿಕೆಯ ಮುಖಪುಟ, ಯಾವ ನಟನ ಮುಖ, ಎಂತಹ ಶುಭಾಶಯ ಎಂಬುದೆಲ್ಲ ಅದರಲ್ಲಿ ನಿರ್ಧಾರವಾಗಿರುತ್ತದೆ. ಸಂಕ್ರಾಂತಿಗೆ ಒಂದು, ಗಣರಾಜ್ಯೋತ್ಸವಕ್ಕೆ ಒಂದು, ಪ್ರೇಮಿಗಳ ದಿನಕ್ಕೆ, ಯುಗಾದಿಗೆ, ಅಕ್ಷಯ ತೃತೀಯಕ್ಕೆ, ಅಮ್ಮಂದಿರ ದಿನಕ್ಕೆ, ಸ್ವಾತಂತ್ರ್ಯ ದಿನಕ್ಕೆ, ದೀಪಾವಳಿಗೆ, ಈದ್‌ಗೆ, ಕ್ರಿಸ್‌ಮಸ್‌ಗೆ ಒಂದೊಂದು. ಒಂದು ವೇಳೆ ಯಾವುದಾದರೂ ತಿಂಗಳು ಬರಿದಾಗಿ ಕಂಡರೆ ಹೊಸ ದಿನವೊಂದನ್ನು ಹುಟ್ಟಿಸುವುದಕ್ಕೂ ಇವರು ಹಿಂಜರಿಯುವುದಿಲ್ಲ. ಫೆಬ್ರವರಿ 14ರಂದು ಚಾಕೊಲೇಟ್ ಪಡೆದ ಪುರುಷರು ಮಾರ್ಚ್ 14ರಂದು ಉಡುಗೊರೆ ಮರಳಿಸಬೇಕೆಂಬ ಪದ್ಧತಿಯನ್ನು ಜಪಾನಿನಲ್ಲಿ ಚಾಲ್ತಿಗೆ ತಂದವರು ಅಲ್ಲಿನ ಮಿಠಾಯಿ ತಯಾರಕರು. ಚೀನಾದ ವಿದ್ಯಾರ್ಥಿಗಳು ಒಂಟಿಗರ ದಿನವೆಂದು ತಮಾಷೆಗೆ ಆಚರಿಸುತ್ತಿದ್ದ ನವೆಂಬರ್ 11ನ್ನು ಅಲಿಬಾಬಾ ಕಂಪೆನಿಯು 2009ರಲ್ಲಿ ರಿಯಾಯಿತಿ ಮಾರಾಟದ ದಿನವನ್ನಾಗಿ ಮಾಡಿಕೊಂಡಿತು. ಇಂದು ಅದು ಜಗತ್ತಿನ ಅತಿ ದೊಡ್ಡ ಮಾರಾಟ ಮೇಳಗಳಲ್ಲೊಂದು.

ದಿನವೊಂದು ಮಾರುಕಟ್ಟೆಯ ಕೈಗೆ ಸಿಕ್ಕಿದ ಮೇಲೆ ಅದರ ಅರ್ಥ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮಾರ್ಚ್ 8ನ್ನು ನೋಡಿದರೆ ಸಾಕು. 1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ ಸಮಾಜವಾದಿ ಮಹಿಳೆಯರು ಕೇಳಿದ್ದು ಮತದಾನದ ಹಕ್ಕನ್ನು ಮತ್ತು ದುಡಿಯುವ ಹೆಣ್ಣಿನ ಘನತೆಯನ್ನು. 1917ರ ಅದೇ ದಿನ ಪೆಟ್ರೋಗ್ರಾಡ್‌ನ ಗಿರಣಿ ಮಹಿಳೆಯರು ರೊಟ್ಟಿಗಾಗಿ ಬೀದಿಗಿಳಿದರು. ಆ ವಾರ ಮುಗಿಯುವ ಹೊತ್ತಿಗೆ ಝಾರ್ ಚಕ್ರವರ್ತಿಯ ಸಿಂಹಾಸನ ಅಲುಗಾಡಿತ್ತು. ಈಗ ಅದೇ ದಿನದಂದು ನಮ್ಮ ಮಹಿಳೆಯರಿಗೆ ಲಿಪ್‌ಸ್ಟಿಕ್‌ನ ಮೇಲೆ ಶೇಕಡಾ ಮೂವತ್ತು ರಿಯಾಯಿತಿ! ಬೆಳಗಿನಿಂದ ರಾತ್ರಿಯವರೆಗೆ ನಿಂತು ಆ ಲಿಪ್‌ಸ್ಟಿಕ್ ಮಾರುವ ಹೆಣ್ಣುಮಗಳ ಸಂಬಳದ ಮಾತನ್ನು ಯಾರೂ ಎತ್ತುವುದಿಲ್ಲ.

ಅಮ್ಮಂದಿರ ದಿನದ ಕತೆ ಇನ್ನೂ ವಿಷಾದದ್ದು. ಅಮೆರಿಕದ ಆನ್ನಾ ಜಾರ್ವಿಸ್ ಎಂಬಾಕೆ ತನ್ನ ತಾಯಿಯ ನೆನಪಿಗಾಗಿ 1908ರ ಮೇ ತಿಂಗಳಲ್ಲಿ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್‌ನ ಒಂದು ಚರ್ಚಿನಲ್ಲಿ ಪ್ರಾರ್ಥನೆ ಏರ್ಪಡಿಸಿದಳು. ಛಲ ಬಿಡದೆ ಓಡಾಡಿ, ಪತ್ರ ಬರೆದು, 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್‌ರಿಂದ ಆ ದಿನಕ್ಕೆ ಅಧಿಕೃತ ಮನ್ನಣೆ ದೊರಕಿಸಿದಳು. ಆದರೆ ಹೂವಿನ ವ್ಯಾಪಾರಿಗಳು, ಮಿಠಾಯಿ ಕಂಪೆನಿಗಳು, ಶುಭಾಶಯ ಪತ್ರ ಮುದ್ರಿಸುವವರು ಆ ದಿನವನ್ನು ಎಷ್ಟು ಬೇಗ ನುಂಗಿಹಾಕಿದರೆಂದರೆ, ತಾನೇ ಹುಟ್ಟುಹಾಕಿದ ಆಚರಣೆಯ ವಿರುದ್ಧ ತಾನೇ ಹೋರಾಡುವ ಸ್ಥಿತಿ ಆಕೆಗೆ ಬಂತು. 1925ರಲ್ಲಿ ಫಿಲಡೆಲ್ಫಿಯಾದ ಸಮಾವೇಶವೊಂದರಲ್ಲಿ, ಆ ದಿನದ ಹೆಸರಿನಲ್ಲಿ ಹೂ ಮಾರಿ ಹಣ ಎತ್ತುವುದನ್ನು ಪ್ರತಿಭಟಿಸಿದ್ದಕ್ಕಾಗಿ ಶಾಂತಿಭಂಗದ ಆರೋಪ ಹೊರಿಸಿ ಆಕೆಯನ್ನು ಬಂಧಿಸಲಾಯಿತು. 1948ರಲ್ಲಿ ಆಕೆ ತೀರಿಕೊಂಡದ್ದು ಒಂದು ಆರೋಗ್ಯಧಾಮದಲ್ಲಿ. ಆಕೆಯ ದಿನ ಮಾತ್ರ ಪ್ರತಿ ಮೇ ತಿಂಗಳಲ್ಲೂ ಅಂಗಡಿಗಳ ಗಾಜಿನ ಹಿಂದೆ ಝಗಮಗಿಸುತ್ತಿದೆ.

ದಿನದ ಅರ್ಥವನ್ನು ಬದಲಾಯಿಸುವುದಷ್ಟೇ ಅಲ್ಲ, ದಿನವನ್ನೇ ಎತ್ತಿ ಬೇರೆಡೆ ಇಟ್ಟ ಪ್ರಸಂಗವೂ ಇದೆ. ಅಮೆರಿಕದಲ್ಲಿ ಕೃತಜ್ಞತೆಯ ಹಬ್ಬವನ್ನು ಅಬ್ರಹಾಂ ಲಿಂಕನ್‌ರ ಕಾಲದಿಂದಲೂ ನವೆಂಬರ್‌ನ ಕೊನೆಯ ಗುರುವಾರ ಆಚರಿಸಲಾಗುತ್ತಿತ್ತು. ಆ ಹಬ್ಬ ಮುಗಿದ ಬಳಿಕವೇ ಕ್ರಿಸ್‌ಮಸ್ ಖರೀದಿ ಆರಂಭವಾಗುವುದು ಅಲ್ಲಿನ ರೂಢಿ. 1939ರಲ್ಲಿ ಆ ಗುರುವಾರ ನವೆಂಬರ್ 30ಕ್ಕೆ ಬಿತ್ತು. ಖರೀದಿಗೆ ದಿನಗಳು ಕಡಿಮೆಯಾಗುತ್ತವೆ ಎಂದು ದೊಡ್ಡ ಅಂಗಡಿಗಳ ಮಾಲಕರು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ರ ಬಳಿಗೆ ಹೋದರು. ಅವರು ಹಬ್ಬವನ್ನು ಒಂದು ವಾರ ಹಿಂದಕ್ಕೆ, ನವೆಂಬರ್ 23ಕ್ಕೆ ತಂದರು! ದೇಶದಲ್ಲಿ ಗದ್ದಲವೆದ್ದಿತು. ಕೆಲವು ರಾಜ್ಯಗಳು ಹೊಸ ದಿನವನ್ನೂ ಕೆಲವು ಹಳೆಯ ದಿನವನ್ನೂ ಹಿಡಿದು ಕುಳಿತವು. ಕೊನೆಗೆ 1941ರಲ್ಲಿ ಸಂಸತ್ತೇ ಕಾನೂನು ಮಾಡಿ ನಾಲ್ಕನೆಯ ಗುರುವಾರವೆಂದು ಗೊತ್ತುಪಡಿಸಬೇಕಾಯಿತು.

ಇದನ್ನು ಓದುವಾಗ ಮದ್ರಸಾದಲ್ಲಿ ಓದಿದವರಿಗೆ ‘ನಸೀ’ ಎಂಬ ಪದ ನೆನಪಾಗದಿರದು. ಇಸ್ಲಾಮಿಗಿಂತ ಮುಂಚಿನ ಅರಬರು ಪವಿತ್ರ ತಿಂಗಳುಗಳನ್ನು ತಮ್ಮ ಅನುಕೂಲಕ್ಕೆ ಸರಿಸಿಕೊಳ್ಳುತ್ತಿದ್ದರು. ಯುದ್ಧ ಮಾಡಬೇಕೆನಿಸಿದಾಗ ಮುಹರ್ರಮ್‌ನ ಪಾವಿತ್ರ್ಯವನ್ನು ಸಫರ್‌ಗೆ ದಾಟಿಸುವುದು ಒಂದು ಬಗೆ. ಹಜ್ಜ್ ಸದಾ ವ್ಯಾಪಾರಕ್ಕೆ ಒದಗುವ ಋತುವಿನಲ್ಲೇ ಬರಲೆಂದು ವರ್ಷಕ್ಕೆ ತಿಂಗಳು ಸೇರಿಸುವುದು ಇನ್ನೊಂದು ಬಗೆ ಎಂದು ಕೆಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಕಿನಾನಾ ಗೋತ್ರದ ಮುಖಂಡರು ಹಜ್ಜ್‌ಗೆ ಸೇರಿದ ಜನರೆದುರು ಇದನ್ನು ಘೋಷಿಸುತ್ತಿದ್ದರಂತೆ. ಪವಿತ್ರ ಕುರ್‌ಆನ್ ಅತ್ತೌಬಾ ಅಧ್ಯಾಯದಲ್ಲಿ ಈ ಪದ್ಧತಿಯನ್ನು ಕಟುವಾಗಿ ಖಂಡಿಸಿತು. ಹಿಜರಿ 10ರ ವಿದಾಯ ಹಜ್ಜ್‌ನ ಭಾಷಣದಲ್ಲಿ ಪ್ರವಾದಿಯವರು(ಸ) ಕಾಲವು ತನ್ನ ಮೂಲ ಸ್ಥಿತಿಗೆ ಮರಳಿದೆಯೆಂದೂ ವರ್ಷಕ್ಕೆ ಹನ್ನೆರಡೇ ತಿಂಗಳುಗಳೆಂದೂ ಸಾರಿದರು. ತಿಂಗಳುಗಳ ಲೆಕ್ಕವು ಯಾವ ಗೋತ್ರದ, ಯಾವ ಸಂತೆಯ ಸ್ವತ್ತೂ ಅಲ್ಲವೆಂಬುದು ಅಂದು ತೀರ್ಮಾನವಾಯಿತು.

ಹಾಗೆಂದು ಇಸ್ಲಾಮ್ ವ್ಯಾಪಾರವನ್ನು ಆರಾಧನೆಯ ಅಂಗಳದಿಂದ ಓಡಿಸಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಕೆಲವು ಉಪದೇಶಕರು ರಮಝಾನ್ ಬಂತೆಂದರೆ ವ್ಯಾಪಾರಿಯನ್ನು ಅಪರಾಧಿಯಂತೆ ಮಿಂಬರ್‌ನ ಮುಂದೆ ನಿಲ್ಲಿಸುತ್ತಾರೆ. ಉಕಾಝ್, ಮಜನ್ನಾ, ಝುಲ್ ಮಜಾಝ್ ಎಂಬ ಸಂತೆಗಳು ಹಜ್ಜ್ ಋತುವಿನಲ್ಲೇ ನೆರೆಯುತ್ತಿದ್ದವು. ಇಸ್ಲಾಮ್ ಸ್ವೀಕರಿಸಿದ ಬಳಿಕ ಆ ದಿನಗಳಲ್ಲಿ ಕೊಡುಕೊಳ್ಳುವಿಕೆ ಪಾಪವಾದೀತೇನೋ ಎಂದು ಸಹಾಬಿಗಳು ಅಳುಕಿದಾಗ, ಅದರಲ್ಲಿ ದೋಷವಿಲ್ಲವೆಂದು ಅಲ್‌ಬಕರ ಅಧ್ಯಾಯವು ಅವರ ಅಳುಕನ್ನು ನಿವಾರಿಸಿತು. ಶುಕ್ರವಾರದ ವಿಷಯವೂ ಹಾಗೆಯೇ. ಅದಾನ್ ಕೇಳಿದೊಡನೆ ವ್ಯಾಪಾರ ನಿಲ್ಲಬೇಕು. ನಮಾಝ್ ಮುಗಿದೊಡನೆ ಜೀವನೋಪಾಯಕ್ಕಾಗಿ ಭೂಮಿಯಲ್ಲಿ ಹರಡಿಕೊಳ್ಳಬಹುದು. ನಿಲ್ಲಬೇಕಾದುದು ಆ ಒಂದು ಗಳಿಗೆ. ಆ ಗಳಿಗೆಯನ್ನೇ ಮಾರುಕಟ್ಟೆ ಕೇಳತೊಡಗಿದರೆ ಮಾತ್ರ ತಕರಾರು.

ಈಗ ಅದು ಕೇಳುತ್ತಿರುವುದು ಆ ಗಳಿಗೆಯನ್ನೇ.

ರಮಝಾನ್ ಜಾಹೀರಾತುದಾರನಿಗೆ ಹೇಳಿ ಮಾಡಿಸಿದಂತಹ ತಿಂಗಳು. ಇಡೀ ಮೂವತ್ತು ದಿನ ಕುಟುಂಬವು ಒಂದೇ ಹೊತ್ತಿಗೆ ಒಂದೇ ಕಡೆ ಸೇರುತ್ತದೆ. ರಾತ್ರಿ ತಡವಾಗಿ ಮಲಗುತ್ತದೆ, ದಾನಕ್ಕೂ ಅತಿಥಿ ಸತ್ಕಾರಕ್ಕೂ ಮನಸ್ಸು ತೆರೆದಿರುತ್ತದೆ. ಈಜಿಪ್ಟಿನಲ್ಲಿ ವರ್ಷದ ಅತಿ ದೊಡ್ಡ ಟಿವಿ ಧಾರಾವಾಹಿಗಳು ಬಿಡುಗಡೆಯಾಗುವುದು ಇದೇ ತಿಂಗಳಲ್ಲಿ, ಅವುಗಳ ನಡುವೆ ಜಾಹೀರಾತುಗಳ ಸುರಿಮಳೆ. ಪಾಕಿಸ್ತಾನದ ವಾಹಿನಿಗಳು ಇಫ್ತಾರ್ ಹೊತ್ತಿನಲ್ಲಿ ಬೈಕ್, ಮೊಬೈಲ್ ಬಹುಮಾನಗಳ ಆಟ ಆಡಿಸುತ್ತಿದ್ದವು. 2013ರ ರಮಝಾನ್‌ನಲ್ಲಿ ಅಂತಹ ಒಂದು ಕಾರ್ಯಕ್ರಮದಲ್ಲಿ, ಯಾರೋ ತೊರೆದುಹೋದ ಹಸುಗೂಸುಗಳನ್ನು ಮಕ್ಕಳಿಲ್ಲದ ದಂಪತಿಗಳ ಕೈಗೆ ನೇರ ಪ್ರಸಾರದಲ್ಲಿ ಒಪ್ಪಿಸಲಾಯಿತು. ಉದ್ದೇಶ ಒಳ್ಳೆಯದೇ ಇತ್ತು ಎಂದು ವಾದಿಸಿದವರಿದ್ದರು. ಒಳ್ಳೆಯ ಉದ್ದೇಶಕ್ಕೆ ವೀಕ್ಷಕರ ಸಂಖ್ಯೆಯ ಲೆಕ್ಕ ಏಕೆ ಬೇಕಿತ್ತು?

ಕರಾವಳಿಯ ಗಲ್ಫ್ ಕುಟುಂಬಗಳಿಗೆ ವಿಮ್ಟೊ ಎಂಬ ನೇರಳೆ ಬಣ್ಣದ ಪಾನೀಯ ಅಪರಿಚಿತವಲ್ಲ. 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ಮದ್ಯಪಾನ ವಿರೋಧಿ ಚಳವಳಿ ಜೋರಾಗಿದ್ದ ಕಾಲದಲ್ಲಿ, ಜಾನ್ ನೊಯೆಲ್ ನಿಕೋಲ್ಸ್ ಎಂಬವರು ಅದನ್ನು ತಯಾರಿಸಿದರು. ಅದಕ್ಕೂ ರಮಝಾನ್‌ಗೂ ಯಾವ ನಂಟೂ ಇರಲಿಲ್ಲ. ಇಂದು ಗಲ್ಫ್ ದೇಶಗಳಲ್ಲಿ ಅದಿಲ್ಲದ ಇಫ್ತಾರ್ ಅಪೂರ್ಣವೆಂಬ ಭಾವನೆ ಇದೆ. ನಮ್ಮ ರೂಹ್ ಅಫ್ಝಾ ಕೂಡ ದೆಹಲಿಯ ಹಮ್ದರ್ದ್ ದವಾಖಾನೆಯ ಹಕೀಮರು ಬೇಸಗೆಯ ತಾಪಕ್ಕೆಂದು ಕಂಡುಕೊಂಡ ಶರಬತ್ತು. ಇವುಗಳನ್ನು ಕುಡಿಯುವುದರಲ್ಲಿ ತಪ್ಪಿಲ್ಲ, ನಾವೂ ಕುಡಿಯುತ್ತೇವೆ. ಆದರೆ ಒಂದು ಖರ್ಜೂರ, ಒಂದು ಲೋಟ ನೀರು ಇದ್ದರೆ ಪೂರ್ಣವಾಗುವ ಇಫ್ತಾರ್‌ಗೆ ಇಷ್ಟೊಂದು ಕೊರತೆಗಳು ಎಲ್ಲಿಂದ ಹುಟ್ಟಿಕೊಂಡವು ಎಂಬುದನ್ನು ಒಮ್ಮೆ ಯೋಚಿಸಬೇಕು. ಕೊರತೆ ಹುಟ್ಟಿಸುವುದೇ ಒಂದು ಉದ್ಯೋಗವಾಗಿದೆ.

ಚಾಂದ್ರಮಾನದ ತಿಂಗಳಾದ ಕಾರಣ ರಮಝಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2030ರಲ್ಲಿ ಜನವರಿಯ ಮೊದಲ ವಾರ ಒಂದು, ಡಿಸೆಂಬರ್‌ನ ಕೊನೆಯ ವಾರ ಇನ್ನೊಂದು, ಹೀಗೆ ಒಂದೇ ಇಸವಿಯಲ್ಲಿ ಎರಡು ರಮಝಾನ್‌ಗಳು ಆರಂಭವಾಗಲಿವೆ. ಒಬ್ಬ ಮುಅ್‌ಮಿನನಿಗೆ ಇದು ಎರಡು ಅವಕಾಶ. ಮಾರಾಟದ ಪಟ್ಟಿ ಬರೆಯುವವನಿಗೂ ಎರಡು ಅವಕಾಶವೇ.

ನಮ್ಮ ಪಟ್ಟಣಗಳ ಚಿತ್ರಕ್ಕೆ ಬರೋಣ. ರಮಝಾನ್‌ನ ಮೊದಲ ವಾರ ಮಸೀದಿಯ ಅಂಗಳದಲ್ಲಿ ಚಪ್ಪಲಿ ಇಡಲು ಜಾಗವಿರುವುದಿಲ್ಲ. ಇಪ್ಪತ್ತು ದಾಟುತ್ತಿದ್ದಂತೆ ತರಾವೀಹ್‌ನ ಸಾಲುಗಳು ಕರಗುತ್ತವೆ. ಸಹಸ್ರ ತಿಂಗಳುಗಳಿಗಿಂತ ಶ್ರೇಷ್ಠವಾದ ರಾತ್ರಿಯನ್ನು ಹುಡುಕಬೇಕಾದ ಹತ್ತು ರಾತ್ರಿಗಳಲ್ಲಿ ನಮ್ಮ ಕುಟುಂಬಗಳು ಬಳೆ, ಚಪ್ಪಲಿ, ದುಪಟ್ಟಾದ ಹೊಂದಾಣಿಕೆಯ ಬಣ್ಣವನ್ನು ಹುಡುಕುತ್ತಿರುತ್ತವೆ. ಅಂಗಡಿಯ ಮೇಲೆ ದೀಪಗಳ ತೋರಣ, ಧ್ವನಿವರ್ಧಕದಲ್ಲಿ ನಅತ್, ಅದರ ನಡುವೆ ‘ಒಂದು ಕೊಂಡರೆ ಒಂದು ಉಚಿತ’. ಲಕ್ಕಿ ಕೂಪನ್‌ನ ಡಬ್ಬಿಯಂತೂ ಇದ್ದೇ ಇರುತ್ತದೆ. ಜೂಜಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಸಮುದಾಯವು ಆ ಡಬ್ಬಿಗೆ ಚೀಟಿ ಹಾಕುವ ಮುನ್ನ ಯಾವ ಆಲಿಮರನ್ನೂ ಕೇಳುವುದಿಲ್ಲ.

ಇದರ ಬೆಲೆ ತೆರುವವರು ಯಾರು? ಮೊದಲನೆಯದಾಗಿ, ತಿಂಗಳ ಸಂಬಳದಲ್ಲಿ ಮನೆ ನಡೆಸುವ ತಂದೆ. ಎದುರುಮನೆಯ ಮಕ್ಕಳಿಗೆ ಮೂರು ಜೊತೆ ಬಟ್ಟೆ ಬಂದಿರುವಾಗ ತನ್ನ ಮಕ್ಕಳಿಗೆ ಒಂದೇ ಜೊತೆ ತರಲು ಅವನಿಗೆ ಸಂಕೋಚ. ಕಂತಿನ ಸಾಲ, ಒಡವೆಯ ಮೇಲಿನ ಸಾಲ, ಕ್ರೆಡಿಟ್ ಕಾರ್ಡ್ ಎಲ್ಲವೂ ಕೈಗೆಟಕುವಂತಿವೆ. ಬಡ್ಡಿಯ ವಿರುದ್ಧದ ಖುತ್ಬಾ ಕೇಳಿ ಹೊರಬಂದವನು ಬಡ್ಡಿಯ ಹಣದಲ್ಲೇ ಈದ್ ಆಚರಿಸುತ್ತಾನೆ.

ಎರಡನೆಯದಾಗಿ, ಅಂಗಡಿಯ ಕೆಲಸಗಾರ. ಇವನ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ. ಬಟ್ಟೆ ಅಂಗಡಿಯ ಹುಡುಗ ಉಪವಾಸವಿದ್ದು ಬೆಳಗ್ಗೆ ಹತ್ತಕ್ಕೆ ನಿಂತವನು ರಾತ್ರಿ ಒಂದಕ್ಕೆ ಕೂರುತ್ತಾನೆ. ಇಫ್ತಾರ್ ಗಲ್ಲಾದ ಹಿಂದೆ, ಎರಡು ಖರ್ಜೂರ ಮತ್ತು ಒಂದು ಸಮೋಸಾ. ತರಾವೀಹ್ ಅವನಿಗಿಲ್ಲ, ಇಅ್‌ತಿಕಾಫ್ ಅವನ ಕನಸಿನಲ್ಲೂ ಇಲ್ಲ. ದರ್ಜಿ ‘ಹದಿನೈದು ರೋಝಾದ ಬಳಿಕ ಬಟ್ಟೆ ತೆಗೆದುಕೊಳ್ಳುವುದಿಲ್ಲ’ ಎಂದು ಫಲಕ ತೂಗುಹಾಕಿದರೂ ಪರಿಚಯದವರ ಕಾಟ ತಪ್ಪದೆ ಸಹರಿಯವರೆಗೆ ಮೆಷಿನ್ ತುಳಿಯುತ್ತಾನೆ. ಅಂಗಡಿ ಕೆಲಸಗಾರರ ದುಡಿಮೆಯ ಗಂಟೆಗಳಿಗೆ ಮಿತಿ ಹಾಕುವ ಕಾಯಿದೆ ಕರ್ನಾಟಕದಲ್ಲಿ 1961ರಿಂದಲೂ ಇದೆ. ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ) ಬೋಧನೆಯಂತೂ ಹದಿನಾಲ್ಕು ಶತಮಾನಗಳಿಂದಿದೆ. ಈ ಹುಡುಗನ ಮಾಲಕ, ಬಹಳ ಸಲ, ನಮ್ಮದೇ ಮಸೀದಿಯ ಮೊದಲ ಸಾಲಿನವನು.

ವ್ಯಾಪಾರಿಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ತಿಂಗಳ ಪಟ್ಟಿ ಇಟ್ಟುಕೊಂಡು ಪ್ರಚಾರ ನಡೆಸುವುದನ್ನು ನಮ್ಮ ದೀನೀ ಸಂಸ್ಥೆಗಳೂ ಚೆನ್ನಾಗಿ ಕಲಿತಿವೆ. ಮದ್ರಸಾದ ಪ್ರತಿನಿಧಿ ರಸೀದಿ ಪುಸ್ತಕ ಹಿಡಿದು ಬರುವುದು ರಮಝಾನ್‌ನಲ್ಲಿ. ಸೇವಾ ಸಂಸ್ಥೆಗಳ ಭಿತ್ತಿಪತ್ರ, ಮೊಬೈಲ್ ಸಂದೇಶ, ಅಳುವ ಮಗುವಿನ ಭಾವಚಿತ್ರ ಎಲ್ಲವೂ ಅದೇ ತಿಂಗಳಲ್ಲಿ. ಒಂದಕ್ಕೆ ಎಪ್ಪತ್ತು ಪುಣ್ಯವೆಂಬ ಮಾತನ್ನು ರಿಯಾಯಿತಿಯ ಘೋಷಣೆಯಂತೆ ಬಳಸುವುದನ್ನು ಕಾಣುವಾಗ ನೋವಾಗುತ್ತದೆ. ಝಕಾತ್‌ನ ವರ್ಷ ಎಣಿಸಬೇಕಾದುದು ಸಂಪತ್ತು ನಿಸಾಬ್ ತಲುಪಿದ ದಿನದಿಂದ. ರಮಝಾನ್‌ಗಾಗಿ ಕಾಯಬೇಕೆಂಬ ನಿಯಮ ಫಿಕ್‌ಹ್‌ನಲ್ಲಿಲ್ಲ. ಮುಹರ್ರಮ್‌ನಲ್ಲಿ ಡಯಾಲಿಸಿಸ್ ಬೇಕಾದ ರೋಗಿ, ಶವ್ವಾಲ್ ಕಳೆದು ಕಾಲೇಜಿನ ಶುಲ್ಕ ಕಟ್ಟಬೇಕಾದ ಹುಡುಗಿ ಯಾರ ಬಳಿಗೆ ಹೋಗಬೇಕು? ಕೊಟ್ಟುಬಿಟ್ಟೆವು, ಇನ್ನು ಬರುವ ರಮಝಾನ್‌ಗೆ ನೋಡೋಣ ಎಂಬ ಉತ್ತರ ಅವರಿಗೆ ಸಿದ್ಧವಾಗಿರುತ್ತದೆ. ಶರೀಅತ್ ಒಂದು ದಾನಕ್ಕೆ ನಿರ್ದಿಷ್ಟ ಗಡುವು ಇಟ್ಟದ್ದುಂಟು. ಫಿತ್ರ್ ಝಕಾತನ್ನು ಈದ್ ನಮಾಝಿಗೆ ಮುನ್ನ ತಲುಪಿಸಬೇಕು. ಆ ಗಡುವು ಇರುವುದು ಬಡವನ ಮನೆಯಲ್ಲೂ ಅಂದು ಒಲೆ ಉರಿಯಲೆಂದು, ಸಂಸ್ಥೆಯ ಖಾತೆ ತುಂಬಲೆಂದಲ್ಲ.

ಇನ್ನು ಈ ವಿಷಯದ ರಾಜಕೀಯ. ಕಂಪೆನಿಗಳು ಈದ್ ಶುಭಾಶಯ ಕೋರಿ ಜಾಹೀರಾತು ಕೊಟ್ಟಾಗ ನಮ್ಮವರು ಹಿಗ್ಗುತ್ತಾರೆ, ನಮ್ಮನ್ನು ಗುರುತಿಸಿದರೆಂದು ಅದನ್ನು ಹಂಚಿಕೊಳ್ಳುತ್ತಾರೆ. ಆ ಪ್ರೀತಿಯ ಆಳವನ್ನು ಅಳೆಯಲು ಹೆಚ್ಚು ಹಿಂದಕ್ಕೆ ಹೋಗಬೇಕಿಲ್ಲ. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಕಂಪೆನಿಯು ಮುಸ್ಲಿಮ್ ಅತ್ತೆಯೊಬ್ಬರು ಹಿಂದೂ ಸೊಸೆಗೆ ಸೀಮಂತ ನಡೆಸುವ ಜಾಹೀರಾತು ಪ್ರಸಾರ ಮಾಡಿತು. ಬಹಿಷ್ಕಾರದ ಕೂಗೆದ್ದ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. 2021ರಲ್ಲಿ ಫ್ಯಾಬ್ ಇಂಡಿಯಾ ತನ್ನ ಉಡುಪುಗಳ ಸಂಗ್ರಹಕ್ಕೆ ‘ಜಶ್ನೆ ರಿವಾಝ್’ ಎಂಬ ಉರ್ದು ಹೆಸರಿಟ್ಟದ್ದೇ ದೀಪಾವಳಿಗೆ ಮಾಡಿದ ಅವಮಾನವಾಯಿತಂತೆ. ಆ ಪ್ರಚಾರವೂ ಮಾಯವಾಯಿತು. 2019ರ ಹೋಳಿಯಲ್ಲಿ, ನಮಾಝಿಗೆ ಹೊರಟ ಮುಸ್ಲಿಮ್ ಬಾಲಕನನ್ನು ಹಿಂದೂ ಬಾಲಕಿಯೊಬ್ಬಳು ಬಣ್ಣದಿಂದ ರಕ್ಷಿಸುವ ಸರ್ಫ್ ಎಕ್ಸೆಲ್ ಜಾಹೀರಾತಿನ ಮೇಲೆ ಸಿಟ್ಟಾದ ಕೆಲವರು, ಹೆಸರಿನ ಸಾಮ್ಯದಿಂದ ಮೋಸಹೋಗಿ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಕಳಪೆ ಅಂಕ ಕೊಟ್ಟು ಸೇಡು ತೀರಿಸಿಕೊಂಡರು! ನಗು ಬರುತ್ತದೆ, ನಿಜ. ಆದರೆ ಹಬ್ಬಗಳ ನಡುವಿನ ಗೋಡೆಯನ್ನು ಎತ್ತರಿಸುವವರು ಎಷ್ಟು ಸಿದ್ಧರಾಗಿ ಕಾಯುತ್ತಿದ್ದಾರೆ ಎಂಬುದೂ ಇದರಿಂದ ತಿಳಿಯುತ್ತದೆ. ನಷ್ಟದ ಸುಳಿವು ಸಿಕ್ಕೊಡನೆ ಕಳಚಿಕೊಳ್ಳುವ ಶುಭಾಶಯವನ್ನು ಸೌಹಾರ್ದವೆಂದು ಭ್ರಮಿಸುವುದು ಬೇಡ.

ನಿಜವಾದ ಸೌಹಾರ್ದ ಇದ್ದುದು ಜಾತ್ರೆಯ ಸಂತೆಯಲ್ಲಿ. ಮಾರಿಜಾತ್ರೆಯಲ್ಲಿ ಬಳೆ, ಆಟಿಕೆ, ಹಣ್ಣು ಮಾರುವ ಮುಸ್ಲಿಮ್ ವ್ಯಾಪಾರಿ, ಉರೂಸ್‌ನಲ್ಲಿ ಹೂ, ಮಂಡಕ್ಕಿ, ಮಿಠಾಯಿ ಮಾರುವ ಹಿಂದೂ ವ್ಯಾಪಾರಿ. ಇವರಿಗೂ ವರ್ಷದ ಪಟ್ಟಿ ಇದೆ. ಯಾವ ತಿಂಗಳು ಯಾವ ಊರಿನ ಜಾತ್ರೆ, ಎಲ್ಲಿಗೆ ಎಷ್ಟು ಸರಕು ಎಂಬುದು ಬಾಯಿಪಾಠ. ಅವರ ಮಕ್ಕಳ ಅನ್ನ ಆ ಪಟ್ಟಿಯಲ್ಲಿದೆ. 2022ರ ಮಾರ್ಚ್‌ನಲ್ಲಿ, ಹಿಜಾಬ್ ತೀರ್ಪಿನ ವಿರುದ್ಧ ಅಂಗಡಿ ಮುಚ್ಚಿದರೆಂಬುದನ್ನು ನೆಪ ಮಾಡಿ, ಕಾಪುವಿನ ಮಾರಿಗುಡಿಯಿಂದ ಮೊದಲ್ಗೊಂಡು ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ನಿರಾಕರಿಸಲಾಯಿತು. ಅಂದಿನ ಸರಕಾರವು 2002ರ ಧಾರ್ಮಿಕ ದತ್ತಿ ನಿಯಮಗಳನ್ನು ಮುಂದಿಟ್ಟು ಕೈತೊಳೆದುಕೊಂಡಿತು. ಅದೇ ವರ್ಷ ಯುಗಾದಿಯ ಮರುದಿನದ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬಾರದೆಂಬ ಅಭಿಯಾನ ನಡೆಯಿತು. ದೊಡ್ಡ ಕಂಪೆನಿಗೆ ಎಲ್ಲರ ಹಬ್ಬವೂ ಮಾರಾಟಕ್ಕೆ ಮುಕ್ತ, ಬುಟ್ಟಿ ಹೊತ್ತ ಬಡವನಿಗೆ ಮಾತ್ರ ಧರ್ಮದ ಗುರುತು ಚೀಟಿ! ಈ ಅನ್ಯಾಯವನ್ನು ಪ್ರಶ್ನಿಸುವ ನಾವು ನಮ್ಮ ಈದ್ ಪೇಟೆಯಲ್ಲಿ ಹಿಂದೂ ಸಹೋದರನ ತಳ್ಳುಗಾಡಿಗೆ ಇರುವ ಜಾಗವನ್ನು ಒಂದಿಷ್ಟೂ ಕುಗ್ಗದಂತೆ ನೋಡಿಕೊಳ್ಳಬೇಕು. ‘ನಮ್ಮವರಿಂದಲೇ ಕೊಳ್ಳಿ’ ಎಂಬ ಸಂದೇಶ ಪ್ರತಿ ರಮಝಾನ್‌ನಲ್ಲೂ ಮೊಬೈಲ್‌ನಲ್ಲಿ ಹರಿದಾಡುವುದನ್ನು ಕಂಡೂ ಕಾಣದಂತಿರುವುದು ಸರಿಯಲ್ಲ.

ಹಾಗಾದರೆ ಮುಸ್ಲಿಮ್ ವ್ಯಾಪಾರಿ ಏನು ಮಾಡಬೇಕು? ಪ್ರಚಾರ ಮಾಡಲಿ. ದರವನ್ನು ಮೊದಲು ಏರಿಸಿ ಬಳಿಕ ಇಳಿಸಿದಂತೆ ತೋರಿಸುವ ರಿಯಾಯಿತಿಯನ್ನು ಬಿಡಲಿ. ಕೊಳ್ಳುವ ಇಚ್ಛೆಯಿಲ್ಲದೆ ಬೆಲೆ ಏರಿಸುವ ‘ನಜಶ್’ ಅನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆ, ಸರಕಿನ ದೋಷ ಮರೆಮಾಚುವುದನ್ನೂ ನಿಷೇಧಿಸಿದ್ದಾರೆ. ಹುಸಿ ರಿಯಾಯಿತಿ ಇವೆರಡರ ನಡುವಿನ ಕೂಸು. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಅದರಡಿ 2022ರ ಜೂನ್‌ನಲ್ಲಿ ಹೊರಟ ಮಾರ್ಗಸೂಚಿಯೂ ಇವೆ. ಇಲ್ಲದ ಸರಕಿನ ಆಮಿಷವೊಡ್ಡಿ ಗಿರಾಕಿಯನ್ನು ಅಂಗಡಿಗೆ ಎಳೆಯುವುದು ಆ ಮಾರ್ಗಸೂಚಿಯ ಪ್ರಕಾರ ತಪ್ಪು. ರಿಯಾಯಿತಿ ಕೊಡಬೇಕೆನಿಸಿದರೆ ಅದನ್ನು ರಜಬ್ ಮತ್ತು ಶಅಬಾನ್‌ನಲ್ಲೇ ಕೊಡಲಿ. ಮೊದಲು ಕೊಂಡವನಿಗೆ ಕಡಿಮೆ ಬೆಲೆ, ಕೊನೆಯ ಹತ್ತರಲ್ಲಿ ಬಂದವನಿಗೆ ಸಾಮಾನ್ಯ ಬೆಲೆ ಎಂದಾದರೆ ಜನಜಂಗುಳಿ ತಾನಾಗಿಯೇ ಹಂಚಿಹೋಗುತ್ತದೆ. ನಷ್ಟವಂತೂ ಇಲ್ಲ, ಈದ್ ಬಟ್ಟೆಯನ್ನು ಜನ ಹೇಗೂ ಕೊಳ್ಳುತ್ತಾರೆ.

ಮಹಲ್ಲಾ ಜಮಾಅತ್‌ಗಳಿಗೂ ಇಲ್ಲಿ ಕೆಲಸವಿದೆ. ಊರಿನ ಬಟ್ಟೆ, ಪಾದರಕ್ಷೆ ಅಂಗಡಿಗಳ ಮಾಲಕರನ್ನು ಒಟ್ಟುಗೂಡಿಸಿ, ಇಶಾ ಮತ್ತು ತರಾವೀಹ್ ಹೊತ್ತಿನಲ್ಲಿ ಬಾಗಿಲು ಎಳೆಯುವ, ಕೆಲಸದ ಹುಡುಗರನ್ನು ಸರದಿಯಲ್ಲಿ ಬಿಡುವ, ಹೆಚ್ಚಿನ ಗಂಟೆಗಳ ಕೂಲಿಯನ್ನು ಈದ್‌ಗೆ ಮುನ್ನ ಪಾವತಿಸುವ ಒಂದು ಒಪ್ಪಂದ ಮಾಡಿಕೊಳ್ಳಬಹುದು. ಒಬ್ಬನೇ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನೆಂಬ ಭಯ ಸಹಜ, ಎಲ್ಲರೂ ಮುಚ್ಚಿದರೆ ಆ ಭಯವಿಲ್ಲ. ಮನೆಯ ಹೆಂಗಸರೂ ಈ ಮಾತುಕತೆಯಲ್ಲಿರಬೇಕು, ಏಕೆಂದರೆ ಖರೀದಿಯ ಪಟ್ಟಿ ಸಿದ್ಧವಾಗುವುದು ಅವರ ಕೈಯಲ್ಲಿ. ಸಭೆಯನ್ನು ರಜಬ್‌ನ ಮೊದಲ ವಾರವೇ ಕರೆಯಬೇಕು. ಶಅಬಾನ್ ಬರುವಷ್ಟರಲ್ಲಿ ಸರಕು ಲಾರಿಯಿಂದ ಇಳಿದಿರುತ್ತದೆ, ಜಾಹೀರಾತಿನ ಹಣವೂ ಪಾವತಿಯಾಗಿರುತ್ತದೆ.